ಪರದೆಯೊಳಗಿನ ಹಸಿರು ಕಿಟಕಿ

ಆ ಥಿಯೇಟರಿನಲ್ಲಿ ಊರವರೆಲ್ಲ ಸಿನಿಮಾ ನೋಡಿದರು. ನಾನು ಮಾತ್ರ ಇಪ್ಪತ್ತು ವರ್ಷ ಪರದೆಯ ಎಡಗಡೆಯ ಮೇಲ್ಮೂಲೆಯನ್ನೇ ನೋಡಿದೆ. ನಾಯಕ ಸತ್ತರೇನು, ಮದುವೆಯಾದರೇನು, ಅದನ್ನು ಕಟ್ಟಿಕೊಂಡು ನನಗೆ ಆಗಬೇಕಾದ್ದೇನು? ಆ ಮೂಲೆಯಲ್ಲಿ ನನ್ನ ಅಮ್ಮ ಇದ್ದಳು.

ಮೊದಲು ಅದು ನಾಟಕದ ಥಿಯೇಟರು. ಅಪ್ಪ ಅಲ್ಲಿ ಕಾಡು, ಅರಮನೆ, ಬೀದಿ ಎಂದು ಪರದೆ ಬರೆಯುತ್ತಿದ್ದ. ನಾನು ಎಂಟು ತಿಂಗಳ ಕೂಸಾಗಿದ್ದಾಗ ಅಮ್ಮ ಜ್ವರದಲ್ಲಿ ತೀರಿಕೊಂಡಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಮುಖ ಮರೆತುಹೋಗುವ ಮೊದಲೇ ಅಪ್ಪ ಬೀದಿ ಪರದೆಯ ಮಹಡಿಮನೆಗೆ ಹಸಿರು ಬಾಗಿಲಿನ ಕಿಟಕಿ ಬರೆದು, ಅದರಲ್ಲಿ ಅವಳನ್ನು ನಿಲ್ಲಿಸಿದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದ. ನನಗೆ ನೆನಪಿರುವುದು ಆ ಹಸಿರು, ಬಾಗಿಲು ಹಿಡಿದ ಒಂದು ಕೈ, ಅಷ್ಟೇ. ಎಷ್ಟು ತಿಣುಕಿದರೂ ಮುಖ ಬರುವುದಿಲ್ಲ.

ನನಗೆ ನಾಲ್ಕು ತುಂಬುವಾಗ ನಾಟಕದವರು ಗಂಟುಮೂಟೆ ಕಟ್ಟಿದರು, ಸಿನಿಮಾ ಬಂತು. ಮಾಲೀಕ ಮಹಾ ಜಿಪುಣ. ಹೊಸ ಪರದೆ ಯಾಕೆ, ಈ ಬೀದಿ ಪರದೆಗೇ ಬಿಳಿ ಬಳಿ ಎಂದ. ಬಳಿಯಬೇಕಾದವನು ಅಪ್ಪನೇ. ಬಳಿದ. ಆಮೇಲೆ ಪ್ರತಿ ಭಾನುವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಮೂಲೆಗೆ ಬೆರಳು ತೋರಿಸುತ್ತಿದ್ದ.

"ಅಗೋ, ಅಲ್ಲಿದಾಳೆ. ಒಂದಿನ ಬಿಳಿ ತೆಗೀತೀನಿ, ನೋಡೋವಂತೆ."

ತೆಗೆಯಲೇ ಇಲ್ಲ. ಅವನೂ ಹೋದ, ಸಿನಿಮಾವೂ ನಿಂತಿತು. ಕಟ್ಟಡ ಪರದೆ ಸಮೇತ ಹಳೇ ಕುರ್ಚಿಮೇಜುಗಳ ಗೋದಾಮಾಗಿ ಬೀಗ ಹಾಕಿಸಿಕೊಂಡಿತು. ನಾನು ಎದುರುಬೀದಿಯಲ್ಲಿ ಬಟ್ಟೆ ಹೊಲಿಯುತ್ತಾ ಮುದುಕಿಯಾದೆ.

ಹೋದ ವಾರ ಕೆಡವಲು ಬಂದರು. ಮೆಷಿನ್ನು ಬಿಟ್ಟು ಓಡಿದೆ. ಮೇಸ್ತ್ರಿ ಪರದೆಯನ್ನು ನೆಲಕ್ಕೆ ಇಳಿಸಿದ್ದ, ಮರಳಿನ ರಾಶಿಗೆ ಹೊದಿಸಲಂತೆ.

"ಸ್ವಲ್ಪ ತಾಳಪ್ಪ. ಇದರಲ್ಲಿ ನಮ್ಮಮ್ಮ ಇದಾಳೆ."

ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಆದರೂ ಒಂದು ಬಕೆಟ್ ನೀರು ತರಿಸಿಕೊಟ್ಟ. ಒದ್ದೆ ಚಿಂದಿಯಿಂದ ಆ ಮೂಲೆಯ ಅಂಚನ್ನು ಮೆಲ್ಲಗೆ ಒರೆಸಿದೆ. ಬಿಳಿ ಬಿಟ್ಟಿತು, ಹಸಿರು ಕಂಡಿತು! ಇನ್ನೊಮ್ಮೆ ಒರೆಸುವಷ್ಟರಲ್ಲಿ ಹಸಿರೂ ಹೋಗಿ ಬರಿ ಬಟ್ಟೆ ಉಳಿಯಿತು. ಅಪ್ಪ ಬಳಸುತ್ತಿದ್ದುದು ಗೋಂದಿನಲ್ಲಿ ಕಲಸಿದ ಪುಡಿಬಣ್ಣ, ನೀರು ತಾಗಿದರೆ ನಿಲ್ಲುವುದಿಲ್ಲ. ಅವನು ಯಾಕೆ ಬಿಳಿ ತೆಗೆಯಲಿಲ್ಲವೆಂದು ಆಗ ತಿಳಿಯಿತು.

"ಇನ್ನೂ ಉಜ್ಜಿ ಅಮ್ಮಾ, ಬರ್ತಾರೆ," ಎಂದ ಮೇಸ್ತ್ರಿ. ಈಗ ಅವನೂ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ.

ಇನ್ನೊಂದು ಗೇಣು ಒರೆಸಿದರೆ ಮುಖ. ಒಂದು ಗಳಿಗೆ ಕಂಡಾಳು, ಆಮೇಲೆ ಚಿಂದಿಗೆ ಬಂದಾಳು. ಆ ಒಂದು ಗಳಿಗೆಗಾಗಿ ನನ್ನ ಕೈ ಎಷ್ಟು ತುಡಿಯಿತೆಂದು ತಂತಮ್ಮ ಅಮ್ಮನ ಮುಖ ಕಂಡವರಿಗೆ ಹೇಗೆ ಹೇಳಲಿ? ಚಿಂದಿ ಕೆಳಗಿಟ್ಟೆ. ಕತ್ತರಿ ಸೊಂಟದಲ್ಲೇ ಇತ್ತು. ಆ ಮೂಲೆಯನ್ನು ಚೌಕವಾಗಿ ಕತ್ತರಿಸಿಕೊಂಡೆ.

"ಇದರಲ್ಲಿ ಏನೂ ಕಾಣ್ತಿಲ್ವಲ್ಲಮ್ಮಾ, ಬರೀ ಬಿಳಿ."

"ನಿಂಗೆ ಕಾಣಲ್ಲ ಬಿಡಪ್ಪ."

ಮೆಷಿನ್ನಿನ ಎದುರು ಗೋಡೆಗೆ ಅದನ್ನು ತೂಗುಹಾಕಿದ್ದೇನೆ. ದಾರ ಪೋಣಿಸುವಾಗಲೆಲ್ಲ ತಲೆಯೆತ್ತಿ ನೋಡುತ್ತೇನೆ. ಈಗ ನಮ್ಮಿಬ್ಬರ ನಡುವೆ ಯಾವ ಸಿನಿಮಾವೂ ಅಡ್ಡ ಬರುವುದಿಲ್ಲ.