ಸ್ಟಾಕ್ವೆಲ್ ಕೌಂಟಿಯ ಎದುರು ಪಕ್ಷ

ಸ್ಟಾಕ್ವೆಲ್ ಕೌಂಟಿಯಲ್ಲಿ ಮನುಷ್ಯರಿಗಿಂತ ದನಗಳು ಹೆಚ್ಚು. ಇದನ್ನು ಅಲ್ಲಿನವರು ನಾಚಿಕೊಂಡು ಹೇಳುವುದಿಲ್ಲ. ಜನಸಂಖ್ಯೆಯ ಮಾತು ಬಂದಾಗಲೆಲ್ಲ ದನಗಳನ್ನೂ ಸೇರಿಸಿಕೊಂಡೇ ಎದೆಯುಬ್ಬಿಸುತ್ತಾರೆ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಮರಳುದಿಬ್ಬಗಳ ನಾಡು ಅದು. ದಿಬ್ಬದ ಹಿಂದೆ ದಿಬ್ಬ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಗಾಳಿ. ಕೌಂಟಿಯ ರಾಜಧಾನಿಗೆ ಗ್ರ್ಯಾಂಡ್ ಸಿಟಿ ಎಂದು ಹೆಸರು. ರೈಲು ಬಂದೇ ಬರುತ್ತದೆ ಎಂಬ ಧೈರ್ಯದಲ್ಲಿ ಅಜ್ಜಂದಿರು ಇಟ್ಟ ಹೆಸರದು. ರೈಲು ಪಕ್ಕದ ಕೌಂಟಿಗೆ ಹೋಯಿತು, ಹೆಸರು ಇಲ್ಲೇ ಉಳಿಯಿತು. ಈಗ ಆ ಮಹಾನಗರದಲ್ಲಿ ಒಂದು ಕೋರ್ಟ್‌ಹೌಸು, ಒಂದು ಚರ್ಚು, ಒಂದು ಅಂಚೆ ಕಚೇರಿ, ಟ್ವೈಲಾಳ ಹೋಟೆಲು ಮತ್ತು ಸ್ವಾಗತ ಕೋರುವ ಒಂದು ಬೋರ್ಡು ಇವೆ. ಬೋರ್ಡನ್ನು ಪೂರ್ತಿ ಓದಿ ಮುಗಿಸುವಷ್ಟರಲ್ಲಿ ಊರು ಮುಗಿದಿರುತ್ತದೆ.

ಡೆಲ್ಮರ್ ವೊಬೊರಿಲ್ ಇಲ್ಲಿನ ಮುಖಂಡ. ಜನ ಕಡಿಮೆ, ಹುದ್ದೆ ಜಾಸ್ತಿ ಆದ್ದರಿಂದ ಅಲ್ಲಿ ಒಬ್ಬೊಬ್ಬರ ತಲೆಯ ಮೇಲೂ ಮೂರು ನಾಲ್ಕು ಟೋಪಿ. ಡೆಲ್ಮರ್ ಕೌಂಟಿ ಮಂಡಳಿಯ ಸದಸ್ಯ, ಅಗ್ನಿಶಾಮಕ ದಳದ ಮುಖ್ಯಸ್ಥ, ಸ್ಮಶಾನ ಸಮಿತಿಯ ಕಾರ್ಯದರ್ಶಿ. ಇವೆಲ್ಲಕ್ಕಿಂತ ಮಿಗಿಲಾಗಿ ಪಕ್ಷದ ಅಧ್ಯಕ್ಷ. ಯಾವ ಪಕ್ಷ ಎಂದು ಸ್ಟಾಕ್ವೆಲ್‌ನಲ್ಲಿ ಯಾರೂ ಕೇಳುವುದಿಲ್ಲ. ಕೇಳಿದವನು ದಾರಿ ತಪ್ಪಿ ಬಂದ ಪರವೂರಿನವನು ಎಂದು ತಿಳಿದು ಹೆದ್ದಾರಿ ಯಾವ ಕಡೆಗಿದೆ ಎಂದು ತೋರಿಸಿ ಕಳಿಸುತ್ತಾರೆ.

ಇನ್ನೊಂದು ಪಕ್ಷವೂ ಇತ್ತು. ಅದರ ಹೆಸರು ಐಯೋನ್ ಹ್ಯಾಲ್ವರ್ಸನ್.

ಐಯೋನ್ ಒಂದೇ ಕೋಣೆಯ ಶಾಲೆಯಲ್ಲಿ ಕೌಂಟಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿದ್ದಳು, ಡೆಲ್ಮರ್‌ನಿಗೂ. ಪ್ರತಿ ಚುನಾವಣೆಯಲ್ಲೂ ಎಣಿಕೆ ಮುಗಿದಾಗ ಎದುರು ಪಕ್ಷಕ್ಕೆ ಒಂದೇ ಒಂದು ಓಟು ಬಿದ್ದಿರುತ್ತಿತ್ತು. ಅದು ಗುಪ್ತ ಮತದಾನ. ಆದರೂ ಮರುದಿನ ಎಲ್ಲರೂ ಹೋಟೆಲಿನಲ್ಲಿ ಅವಳಿಗೆ, "ನಿಮ್ಮ ಪಕ್ಷ ಈ ಸಲವೂ ತನ್ನ ಬಲ ಉಳಿಸಿಕೊಂಡಿದೆಯಲ್ಲ ಟೀಚರ್" ಎಂದು ಅಭಿನಂದನೆ ಹೇಳುತ್ತಿದ್ದರು. ವಾಷಿಂಗ್ಟನ್ನಿನಲ್ಲಿ ಏನು ಕೆಟ್ಟರೂ, ಡೀಸೆಲ್ ಬೆಲೆ ಏರಿದರೂ, ಲೆಕ್ಕ ಕೇಳುವುದು ಅವಳನ್ನೇ. ಅವಳೂ ತಿರುಗಿ ವಾದಿಸದೆ ಬಿಡುತ್ತಿರಲಿಲ್ಲ.

ಅವಳ ಗಂಡ ಎಮ್ಮೆಟ್ ಪಕ್ಷದ ಖಜಾಂಚಿ. ಡೆಲ್ಮರ್‌ನ ಪಕ್ಷದವನು. ಮತದಾನದ ದಿನ ಗಂಡಹೆಂಡಿರು ಒಂದೇ ಪಿಕಪ್‌ನಲ್ಲಿ, ಒಂದೇ ಫ್ಲಾಸ್ಕಿನ ಕಾಫಿ ಕುಡಿಯುತ್ತ ಗ್ರ್ಯಾಂಡ್ ಸಿಟಿಗೆ ಬಂದು, ಒಬ್ಬರ ಓಟನ್ನು ಇನ್ನೊಬ್ಬರು ಹೊಡೆದುಹಾಕಿ, ಮತ್ತೆ ಅದೇ ಪಿಕಪ್‌ನಲ್ಲಿ ಮನೆಗೆ ಹೋಗುತ್ತಿದ್ದರು. ಇಬ್ಬರೂ ಮನೆಯಲ್ಲೇ ಕೂತರೂ ಅಷ್ಟೇ ಅಲ್ಲವೇ ಎಂದು ಡೆಲ್ಮರ್ ಒಮ್ಮೆ ಕೇಳಿದ್ದಕ್ಕೆ ಐಯೋನ್, "ನಾನು ಕೂತ ಮೇಲೆ ಇವನು ಹಿಂದಿನ ಬಾಗಿಲಿಂದ ಹೋಗಿ ಹಾಕಿ ಬರ್ತಾನೆ. ಒಳ್ಳೆ ಗಂಡ, ಆದ್ರೆ ನಿಮ್ಮ ಪಕ್ಷದೋನು" ಎಂದಿದ್ದಳು.

ಒಂದು ವಸಂತದಲ್ಲಿ, ನೆರೆಯವರೆಲ್ಲ ಕೂಡಿ ಕರುಗಳಿಗೆ ಬಿಸಿ ಕಬ್ಬಿಣದ ಮುದ್ರೆ ಒತ್ತುವ ಹೊತ್ತಿಗೆ, ಐಯೋನ್ ತೀರಿಕೊಂಡಳು. ಇಡೀ ಕೌಂಟಿ ಚರ್ಚಿಗೆ ಬಂತು. ಡೆಲ್ಮರ್ ಶವಪೆಟ್ಟಿಗೆಗೆ ಹೆಗಲು ಕೊಟ್ಟ, ನಿಜವಾಗಿಯೂ ಅತ್ತ. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ ಕೂತಿದ್ದಾಗ ಅವನಿಗೆ ಒಂದು ಯೋಚನೆ ಬಂತು: ಇನ್ನು ಮೇಲೆ ನೂರಕ್ಕೆ ನೂರು. ಅಂಥ ಹೊತ್ತಿನಲ್ಲಿ ಅಂಥ ಯೋಚನೆ ಬಂದದ್ದಕ್ಕೆ ಅವನಿಗೆ ಬಹಳ ನಾಚಿಕೆಯಾಯಿತು. ಸ್ಯಾಂಡ್‌ವಿಚ್ ಮುಗಿಯುವವರೆಗೂ ಆ ನಾಚಿಕೆ ಇತ್ತು.

ಬೇಸಿಗೆಯಲ್ಲಿ ಪಕ್ಷದ ರಾಜ್ಯ ಸಮಾವೇಶಕ್ಕೆ ಹೋದವನು ಸುಮ್ಮನೆ ಬರಲಿಲ್ಲ. ಅಮೆರಿಕದಲ್ಲೇ ಒಂದೂ ಎದುರು ಓಟಿಲ್ಲದ ಏಕೈಕ ಕೌಂಟಿಯನ್ನು ತಂದು ಮುಂದಿಡುತ್ತೇನೆ ಎಂದು ಮೈಕಿನಲ್ಲಿ ಘೋಷಿಸಿದ. ರಾಜ್ಯದ ನಾಯಕರು ಬೆನ್ನು ತಟ್ಟಿ, ಅದಾದರೆ ಮುಂದಿನ ವರ್ಷ ಊಟಕ್ಕೆ ವೇದಿಕೆಯ ಪಕ್ಕದ ಮೇಜು ಕೊಡುತ್ತೇವೆ ಎಂದರು. ಅಷ್ಟು ವರ್ಷ ಅಡುಗೆಮನೆ ಬಾಗಿಲ ಪಕ್ಕ ಕೂತು ಉಂಡವನಿಗೆ ಅದು ಸಣ್ಣ ಮಾತಲ್ಲ. ಮನೆಗೆ ಬಂದವನೇ "ನೂರಕ್ಕೆ ನೂರು ಸ್ಟಾಕ್ವೆಲ್" ಎಂದು ಬ್ಯಾನರ್ ಬರೆಸಿದ. ಚುನಾವಣೆಗೆ ಇನ್ನೂ ತಿಂಗಳುಗಳಿದ್ದವು.

ನವೆಂಬರಿನಲ್ಲಿ ಓಟು ಆಯಿತು. ಸಂಜೆ ಕೋರ್ಟ್‌ಹೌಸಿನಲ್ಲಿ ಎಣಿಕೆ. ಬ್ಯಾನರ್ ಸುರುಳಿ ಕಂಕುಳಲ್ಲಿಟ್ಟುಕೊಂಡು ಡೆಲ್ಮರ್ ಮುಂದೆಯೇ ನಿಂತಿದ್ದ. ಕೌಂಟಿಯ ಗುಮಾಸ್ತೆ ಮಾರ್ಸೀನ್ ಪಕ್ಷದ ಓಟುಗಳನ್ನು ಓದಿ, ಕನ್ನಡಕ ಸರಿಮಾಡಿಕೊಂಡು, ಎದುರು ಪಕ್ಷ, ಒಂದು, ಎಂದಳು.

ಮತ್ತೆ ಎಣಿಸಿ ಎಂದ ಡೆಲ್ಮರ್. ಎಣಿಸಿದರು. ಒಂದು.

"ಸತ್ತವರ ಹೆಸರಲ್ಲಿ ಓಟು ಬಿದ್ದಿದೆಯಾ ನೋಡು" ಎಂದು ಅವನು ಮಾರ್ಸೀನಳ ಕಿವಿಯಲ್ಲಿ ಪಿಸುಗುಟ್ಟಿದ.

"ಐಯೋನ್ ಟೀಚರ್ ಬಂದಿದ್ರೆ ನಾನು ಇಲ್ಲಿ ಇರ್ತಿದ್ನಾ, ಡೆಲ್ಮರ್? ಓಡಿ ಹೋಗಿರ್ತಿದ್ದೆ" ಎಂದಳು ಅವಳು.

ಮರುದಿನದಿಂದ ಸ್ಟಾಕ್ವೆಲ್ ಕೌಂಟಿಯಲ್ಲಿ ಪತ್ತೇದಾರಿಕೆ ಶುರುವಾಯಿತು. ಐಯೋನ್ ಇದ್ದಾಗ ಆ ಓಟು ಎಲ್ಲರಿಗೂ ಮುದ್ದು; ಯಾರದೆಂದು ತಿಳಿಯದಾದ ಕೂಡಲೇ ಅದು ದೇಶದ್ರೋಹವಾಯಿತು. ಜನ ತಾವಾಗಿಯೇ ಬಂದು ಡೆಲ್ಮರ್‌ನ ಎದುರು ಆಣೆ ಇಟ್ಟು ಹೋದರು. ಆಣೆ ಇಡದವರ ಮೇಲೆ ಸಂಶಯ ಬಂತು, ಎರಡು ಸಲ ಇಟ್ಟವರ ಮೇಲೆ ಇನ್ನೂ ಹೆಚ್ಚು ಬಂತು. ಟ್ವೈಲಾ ಕಾಫಿ ಬಗ್ಗಿಸುತ್ತ, ನಾನೇ ಇರಬಹುದು, ಯಾರಿಗೆ ಗೊತ್ತು, ಎಂದು ನಕ್ಕಳು. ಆದರೆ ಅವಳನ್ನು ದೂರ ಮಾಡಿದರೆ ಚಿಲ್ಲಿ ಸಾರು ಮತ್ತು ದಾಲ್ಚಿನ್ನಿ ರೋಲು ಎಲ್ಲಿ ಸಿಗಬೇಕು? ಆದ್ದರಿಂದ ಅವಳು ನಿರಪರಾಧಿ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಡೆಲ್ಮರ್ ತನ್ನ ಮನೆಯನ್ನೂ ಬಿಡಲಿಲ್ಲ. ಒಗೆದ ಬಟ್ಟೆ ಮಡಚುತ್ತಿದ್ದ ಹೆಂಡತಿ ಲೊರೇನಳ ಎದುರು ನಿಂತು, ಹಾಗೇ ಮಾತಿಗೆ ಕೇಳುತ್ತಿದ್ದೇನೆ ಎಂಬಂತೆ ಕೇಳಿದ.

"ನಾನಲ್ಲ" ಎಂದಳು ಲೊರೇನ್, ತಲೆಯೆತ್ತದೆ. "ಆದ್ರೆ ಇನ್ನೊಂದು ಸಲ ಕೇಳು, ಮುಂದಿನ ಸಲ ನಾನೇ ಆಗಿರ್ತೀನಿ."

ಕೊನೆಗೆ ಎಲ್ಲರ ಬೆರಳೂ ಪಾದ್ರಿ ಕ್ವಿಂಬಿಯ ಕಡೆಗೆ ತಿರುಗಿತು. ಪಾಪ, ಆ ಮನುಷ್ಯ ಹೊರಗಿನಿಂದ ಬಂದವನು, ಎಲ್ಲರೂ ಪಿಕಪ್ ಓಡಿಸುವಲ್ಲಿ ಸಣ್ಣ ಕಾರು ಓಡಿಸುತ್ತಿದ್ದ, ಮೇಲಾಗಿ ಹೊಟ್ಟೆಗೆ ಆಗುವುದಿಲ್ಲ ಎಂದು ದನದ ಮಾಂಸ ತಿನ್ನುತ್ತಿರಲಿಲ್ಲ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಭಾನುವಾರ ಚರ್ಚಿನಲ್ಲಿ ಮುಂದಿನ ಸಾಲುಗಳು ಖಾಲಿಯಾದವು. ಶತ್ರುವನ್ನೂ ಪ್ರೀತಿಸಿ ಎಂದು ಅವನು ಬೋಧಿಸಿದ ದಿನವಂತೂ, ನೋಡಿ, ಬಾಯಿಬಿಟ್ಟ, ಎಂದರು. ಅವನನ್ನು ವಾಪಸು ಕಳಿಸಬೇಕೆಂದು ಚರ್ಚಿನ ಹಿರಿಯರು ಮಾತಾಡಿಕೊಂಡರು. ಪಕ್ಷದ ಸಭೆಯಲ್ಲಿ ಇತ್ಯರ್ಥವಾಗಲಿ ಎಂದು ನಿಶ್ಚಯಿಸಿದರು. ಚರ್ಚಿನ ಹಿರಿಯರೂ ಪಕ್ಷದ ಹಿರಿಯರೂ ಅವರೇ ಆದ್ದರಿಂದ ಕುರ್ಚಿ ಬದಲಿಸುವ ತೊಂದರೆಯೂ ಇರಲಿಲ್ಲ.

ಸಭೆಯ ಹಿಂದಿನ ದಿನ ಡೆಲ್ಮರ್ ಎಮ್ಮೆಟ್‌ನ ರ‍್ಯಾಂಚಿಗೆ ಹೋದ. ಇಡೀ ಕೌಂಟಿಯಲ್ಲಿ ಸಂಶಯಪಡಲು ಸಾಧ್ಯವೇ ಇಲ್ಲದವನು ಅವನೊಬ್ಬ. ಎಮ್ಮೆಟ್ ಗಾಳಿಯಂತ್ರದ ಕೆಳಗೆ, ದನಗಳ ನೀರಿನ ತೊಟ್ಟಿಯ ಮೇಲೆ ಕಟ್ಟಿದ್ದ ಮಂಜುಗಡ್ಡೆಯನ್ನು ಕೊಡಲಿಯಿಂದ ಒಡೆಯುತ್ತಿದ್ದ. ಇಬ್ಬರೂ ಒಳಗೆ ಹೋಗಿ ಕಾಫಿ ಹಿಡಿದು ಕೂತರು. ಡೆಲ್ಮರ್ ಪಾದ್ರಿಯ ವಿಷಯವನ್ನೆಲ್ಲ ಬಿಡಿಸಿ ಹೇಳಿ, ಸಭೆಯಲ್ಲಿ ನೀನೂ ಎರಡು ಮಾತಾಡಬೇಕು ಎಂದ.

ಎಮ್ಮೆಟ್ ಎಲ್ಲವನ್ನೂ ಕೇಳಿಸಿಕೊಂಡು, ಲೋಟ ಕೆಳಗಿಟ್ಟ. "ಪಾದ್ರಿನ ಬಿಟ್ಬಿಡು, ಡೆಲ್ಮರ್. ಅದು ನನ್ನ ಓಟು."

ಡೆಲ್ಮರ್ ನಕ್ಕ. ಎಮ್ಮೆಟ್ ನಗಲಿಲ್ಲ.

"ನೀನು ನಮ್ಮ ಖಜಾಂಚಿ ಕಣಯ್ಯ."

"ಈಗ್ಲೂ ಹೌದು. ಆ ಕಡೆಯೋರ ಒಂದು ಮಾತೂ ನಂಗೆ ಒಪ್ಪಿಗೆಯಾಗಲ್ಲ."

"ಮತ್ತೆ ಯಾಕೆ ಹಾಕ್ದೆ?"

ಎಮ್ಮೆಟ್ ಕಿಟಕಿಯ ಕಡೆ ತಿರುಗಿದ. "ನಮ್ಮ ಪಕ್ಷದ ಹೆಸರಿನ ಮೇಲೇ ಪೆನ್ನು ಇಟ್ಟಿದ್ದೆ. ಆಗ ಅನ್ನಿಸ್ತು, ಮದುವೆಯಾದಾಗಿಂದ ಒಂದು ಸಲವೂ ನಾನವಳನ್ನ ಗೆದ್ದಿಲ್ಲ, ಅವಳೂ ನನ್ನ ಗೆದ್ದಿಲ್ಲ. ಈಗ ಅವಳು ಮಣ್ಣಿಗೆ ಹೋದ ವರ್ಷವೇ ನಾನು ಗೆದ್ದುಬಿಡೋದಾ? ಅದು ಮೋಸ ಅಲ್ವಾ ಮಾರಾಯ? ಒಂದೇ ಒಂದು ಸಲ ಅವಳ್ದು ಹಾಕಿಬಿಡೋಣ ಅಂತ ಹಾಕ್ದೆ. ನಾಳೆ ಸಭೇಲಿ ನಾನೇ ಹೇಳ್ತೀನಿ, ಬಿಡು."

ಡೆಲ್ಮರ್ ಬೈಯಬೇಕೆಂದುಕೊಂಡ. ಬೈಗುಳವೂ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಲೆಯ ಪಕ್ಕದ ಮೊಳೆಯಲ್ಲಿ ಐಯೋನ್ ಹೊರಗಿನ ಕೆಲಸಕ್ಕೆ ಹಾಕಿಕೊಳ್ಳುತ್ತಿದ್ದ ಕೋಟು ಇನ್ನೂ ನೇತಾಡುತ್ತಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ಲೆಕ್ಕ ಹಾಕಿದ. ಎಮ್ಮೆಟ್ ಬಾಯಿಬಿಟ್ಟರೆ ವಸಂತದಲ್ಲಿ ಕರುಗಳಿಗೆ ಮುದ್ರೆ ಒತ್ತಲು ನೆರೆಯವರು ಬರುವುದಿಲ್ಲ. ಹೋಟೆಲಿನಲ್ಲಿ ಒಂಟಿ ಮೇಜು. ಹೆಂಡತಿಯಿಲ್ಲದ ಮುದುಕ ಈ ಗಾಳಿಯ ನಾಡಿನಲ್ಲಿ ಯಾರ ಜೊತೆ ಮಾತಾಡಬೇಕು, ದನಗಳ ಜೊತೆಯೇ?

ಸಭೆ ಟ್ವೈಲಾಳ ಹೋಟೆಲಿನಲ್ಲೇ ಸೇರಿತು. ಪಾದ್ರಿ ಕ್ವಿಂಬಿ ಮೂಲೆಯಲ್ಲಿ, ದಂತವೈದ್ಯರ ಸರದಿಗೆ ಕಾಯುವವನಂತೆ ಕೂತಿದ್ದ. ಎಮ್ಮೆಟ್ ಗಂಟಲು ಸರಿಮಾಡಿಕೊಂಡು ಏಳತೊಡಗಿದ. ಪಕ್ಕದಲ್ಲಿದ್ದ ಡೆಲ್ಮರ್ ಅವನ ಬೂಟಿನ ಮೇಲೆ ತನ್ನ ಬೂಟನ್ನು ಬಲವಾಗಿ ಇಟ್ಟು, ತಾನೇ ಎದ್ದು ನಿಂತ.

"ಆ ಓಟು ನಂದು" ಎಂದ. "ಕನ್ನಡಕ ಪಿಕಪ್‌ನಲ್ಲೇ ಬಿಟ್ಟು ಒಳಗೆ ಹೋಗಿದ್ದೆ. ಮೇಲಿಂದು ಕೆಳಗಿಂದು ಒಂದೂ ಕಾಣ್ಲಿಲ್ಲ. ಆಮೇಲೆ ಹೇಳೋಕೆ ನಾಚಿಕೆಯಾಯ್ತು."

ಬ್ಯಾನರ್ ಬರೆಸಿದವನೇ ಬ್ಯಾನರನ್ನು ಕೆಡಿಸಿದ ಎಂಬುದನ್ನು ನಂಬಲು ಜನ ಸ್ವಲ್ಪ ಹೊತ್ತು ತೆಗೆದುಕೊಂಡರು; ಬಹಳ ಹೊತ್ತಲ್ಲ. ಡೆಲ್ಮರ್ ದಡ್ಡ ಎಂಬ ಸುದ್ದಿ ಯಾರಿಗೂ ಹೊಸದೆನಿಸಲಿಲ್ಲ. ಲೊರೇನ್ ಮಾತ್ರ ಗಂಡನ ಮುಖವನ್ನೇ ದಿಟ್ಟಿಸಿ ನೋಡಿದಳು. ಅವನ ಕನ್ನಡಕ ಓಟಿನ ದಿನ ಮೂಗಿನ ಮೇಲೇ ಇತ್ತೆಂಬುದು ಅವಳಿಗೆ ಗೊತ್ತಿತ್ತು. ಅವಳು ಅವನ ತಟ್ಟೆಗೆ ಇನ್ನೊಂದು ರೋಲು ಹಾಕಿದಳು.

ಪಾದ್ರಿಯ ಹತ್ತಿರ ಹೋಗಿ ಎಲ್ಲರೂ ಕೈಕುಲುಕಿದರು. ನಾವಂತೂ ನಿಮ್ಮ ಮೇಲೆ ಯಾವತ್ತೂ ಸಂಶಯಪಟ್ಟವರಲ್ಲ ಎಂದು ಒಬ್ಬೊಬ್ಬರೂ ಹೇಳಿದರು. ಅವನು ಶತ್ರುಗಳ ವಿಷಯದಲ್ಲಿ ತಾನು ಬೋಧಿಸಿದ್ದನ್ನು ನೆನೆಸಿಕೊಂಡು ತಾಳ್ಮೆಯಿಂದ ಕೈ ಕೊಟ್ಟ. ಆಮೇಲೆ, ಕಣ್ಣು ಕಾಣದವನು ಪಕ್ಷವನ್ನು ನಡೆಸುವುದು ಹೇಗೆ ಎಂಬ ಪ್ರಶ್ನೆ ಎದ್ದು, ಡೆಲ್ಮರ್‌ನನ್ನು ಅಧ್ಯಕ್ಷಗಿರಿಯಿಂದ ಅಲ್ಲೇ ಇಳಿಸಿದರು. ಸ್ಮಶಾನ ಸಮಿತಿಯನ್ನು ಅವನಿಗೇ ಬಿಟ್ಟರು. ಅಲ್ಲಿ ಓಟು ಹಾಕುವವರಿಲ್ಲ. ಹೊಸ ಅಧ್ಯಕ್ಷ ಯಾರು? ಒಂದು ಸಲವೂ ಹೆಜ್ಜೆ ತಪ್ಪದವನು, ಹೆಂಡತಿ ಆ ಕಡೆಯವಳಾದರೂ ಜಗ್ಗದವನು, ನಿಷ್ಠೆಗೆ ಇನ್ನೊಂದು ಹೆಸರು: ಎಮ್ಮೆಟ್ ಹ್ಯಾಲ್ವರ್ಸನ್. ಎಲ್ಲರೂ ಕೈ ಎತ್ತಿದರು. ಡೆಲ್ಮರ್ ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ.

ಎಮ್ಮೆಟ್ ಕೆಂಪಗಾಗಿ, ತಾನು ಇದಕ್ಕೆ ಯೋಗ್ಯನಲ್ಲ ಎಂದು ಪ್ರಾಮಾಣಿಕವಾಗಿಯೇ ಹೇಳಿದ. ಎಂಥ ವಿನಯ ಎಂದು ಜನ ಚಪ್ಪಾಳೆ ತಟ್ಟಿದರು.

ಆ ಚಳಿಗಾಲದಿಂದ ಡೆಲ್ಮರ್‌ನಿಗೆ ಹೊಸ ಕೆಲಸ ಅಂಟಿಕೊಂಡಿತು. ಕೌಂಟಿಗೆ ಬೈಯಲು ಒಬ್ಬರು ಬೇಕಿತ್ತು. ಕಣ್ತಪ್ಪಿನಿಂದ ಓಟು ಹಾಕಿದವನಾದರೂ ಸರಿಯೇ ಎಂದು ಎಲ್ಲರೂ ಅವನ ಮೇಜಿಗೇ ಬರತೊಡಗಿದರು. ದನಗಳ ಬೆಲೆ ಬಿದ್ದರೆ ನಿಮ್ಮವರು ಏನು ಮಾಡುತ್ತಿದ್ದಾರೆ ಎಂದರು. ಅಂಚೆ ತಡವಾದರೆ ನಿಮ್ಮವರಿಂದಲೇ ಎಂದರು. ಮೊದಮೊದಲು ಅವನು, ನಮ್ಮವರಲ್ಲ ಮಾರಾಯರೇ, ನಿಮ್ಮವರೇ ಈಗ ಅಧಿಕಾರದಲ್ಲಿರೋದು, ಎಂದು ಮೆಲ್ಲಗೆ ಹೇಳುತ್ತಿದ್ದ. ಆಮೇಲೆ ಸ್ವಲ್ಪ ಜೋರಾಗಿ ಹೇಳಿದ. ಫೆಬ್ರವರಿಯ ಒಂದು ಬೆಳಿಗ್ಗೆ ಮೇಜು ಗುದ್ದಿ, ಸರ್ಕಾರ ಊರಿನ ಅಂಚೆ ಕಚೇರಿ ಮುಚ್ಚಲು ಹೊರಟ ವಿಷಯದಲ್ಲಿ ಅಲ್ಲಿದ್ದವರನ್ನೆಲ್ಲ ಒಬ್ಬನೇ ಎದುರಿಸಿ ನಿಂತ. ಟ್ವೈಲಾ ಅವನ ಕಾಫಿ ತುಂಬಿಸಿದಳು.

ಮೂಲೆಯಲ್ಲಿ ಕೂತಿದ್ದ ಹೊಸ ಅಧ್ಯಕ್ಷ ಎಮ್ಮೆಟ್, ಪಕ್ಷದ ಪರವಾಗಿ ಅವನನ್ನು ಖಂಡಿಸಿದ. ಬಹಳ ದಿನಗಳ ನಂತರ ಅವನ ಕಣ್ಣಲ್ಲಿ ಒಂದಿಷ್ಟು ಹೊಳಪಿತ್ತು. "ನೀನು ಪೂರ್ತಿ ತಪ್ಪು, ಡೆಲ್ಮರ್" ಎಂದು ಕುರ್ಚಿ ಹತ್ತಿರ ಎಳೆದುಕೊಂಡ. "ಎಲ್ಲಿ, ಮೊದಲಿಂದ ಹೇಳು."