ಸಂಪಿನೊಳಗಿನ ತಂಪು

ಅಕ್ಕ ಸೊಳ್ಳೆ ಸಾಕುತ್ತಾಳೆಂದು ಬಂಧುಗಳೆಲ್ಲ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಅವಳಿಗೋ ಅದು ಮಾಯಾಲೋಕ. ಪ್ರಯೋಗಾಲಯದ ಗಾಜಿನ ಕಪಾಟುಗಳಲ್ಲಿ ಒಂದೊಂದಕ್ಕೆ ಒಂದೊಂದು ಸೆಕೆ. ತಂಪಿನದರಲ್ಲಿ ಮರಿಗಳು ಸೋಮಾರಿಗಳಂತೆ ತೇಲುತ್ತಿದ್ದವು. ಹದವಾಗಿ ಬೆಚ್ಚಗಿದ್ದುದರಲ್ಲಿ ನೋಡನೋಡುತ್ತ ರೆಕ್ಕೆ ಬಿಚ್ಚುತ್ತಿದ್ದವು. ಸುಡುವುದರಲ್ಲಿ ಹುಟ್ಟಿದ ನೀರಲ್ಲೇ ಸಾಯುತ್ತಿದ್ದವು. ಹಸಿದ ಹೆಣ್ಣು ಸೊಳ್ಳೆಗಳ ಪಂಜರಕ್ಕೆ ಅವಳು ತನ್ನ ತೋಳನ್ನೇ ಕೊಡುತ್ತಿದ್ದಳು. ಇದನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಊರಿನ ಸೆಕೆ ಏರಿದಂತೆ ಸೊಳ್ಳೆ ಎಷ್ಟಾಗುತ್ತದೆಂದು ಗೆರೆ ಎಳೆಯುವುದು ಅವಳ ಕೆಲಸ. ಗೆರೆ ಗುಡ್ಡದ ಹಾಗೆ ಏರಿ, ಸೆಕೆ ಮಿತಿ ಮೀರಿದಲ್ಲಿ ಆಚೆ ಕಡೆ ಜಾರುತ್ತಿತ್ತು.

ಈ ಬೇಸಿಗೆಯಲ್ಲಿ ಗೆರೆ ಜಾರಿಯೇ ಜಾರುತ್ತದೆಂದು ನಗರಸಭೆಗೆ ಹೇಳಿಯಾಗಿತ್ತು. ಬಿಸಿಲೇ ಕೊಲ್ಲುವಾಗ ಔಷಧಿ ಏಕೆಂದು ಅವರು ಸೊಳ್ಳೆಮದ್ದಿನ ಹೊಗೆ ಗಾಡಿಗಳನ್ನು ಶೆಡ್ಡಿಗೆ ತಳ್ಳಿದ್ದರು.

ತಂಗಿಯ ಮನೆ ನೆಲಮಹಡಿಯಲ್ಲಿ, ಕಟ್ಟಡದ ನೆಲದಡಿಯ ನೀರಿನ ಸಂಪಿನ ಪಕ್ಕ.

“ನಿನ್ನ ಸೊಳ್ಳೆಗೆ ಓದು ಬರಲ್ಲ ಅನ್ಸುತ್ತೆ ಕಣೇ ಅಕ್ಕ,” ತಂಗಿ ಮಗಳ ಕಾಲಿನ ದದ್ದುಗಳನ್ನು ಸವರುತ್ತ ಅಂದಳು. “ನೀನು ಸತ್ತೋಗಿ ಅಂತ ಬರ್ದಿದೀಯ, ಇವು ಹೊಟ್ಟೆ ತುಂಬ ಕುಡೀತಾವೆ.”

ಅಕ್ಕ ಸಂಪಿನ ಮುಚ್ಚಳ ಸರಿಸಿ ಥರ್ಮಾಮೀಟರ್ ಇಳಿಬಿಟ್ಟಳು. ತಾರಸಿಯ ಮೇಲೆ ಬರಿಗಾಲು ಊರಲಾಗದ ಬಿಸಿಲು. ಇಲ್ಲಿ ನೀರು ಅವಳ ಹದವಾದ ಕಪಾಟಿನಷ್ಟೇ ಬೆಚ್ಚಗೆ. ಅಜ್ಜಿ ಕತೆಯ ರಾಕ್ಷಸನ ಹಾಗೆ ಸೊಳ್ಳೆಯೂ ಪ್ರಾಣವನ್ನು ಬೇರೆಲ್ಲೋ ಬಚ್ಚಿಟ್ಟಿತ್ತು. ಅವಳು ಲೆಕ್ಕಕ್ಕೆ ಹಾಕಿದ್ದು ತಾರಸಿಯ ಸೆಕೆಯನ್ನು.

ಪ್ರಯೋಗಾಲಯದ ಮುಖ್ಯಸ್ಥರಿಗೆ, ಅವರ ಮಾತಿನಿಂದಾಗಿ, ಸಕ್ಕರೆ ಸಾಹೇಬರೆಂದೇ ಹೆಸರು.

“ಹೌದಲ್ವಾ,” ಎಲ್ಲ ಕೇಳಿ ಅವರು ನಕ್ಕರು. “ಜಾಣೆ ಕಣಮ್ಮ ನೀನು. ಯಾರಿಗೂ ಹೇಳ್ಬೇಡ.”

“ಗಾಡಿ ಹೊರಡಿಸ್ಬೇಕಲ್ವಾ ಸರ್?”

“ಹೊರಡಿಸಿದ್ರೆ ಸೊಳ್ಳೆ ಸಾಯುತ್ತೆ. ಆಮೇಲೆ ಸಂಪಿನ ಲೆಕ್ಕ ಸರಿ ಅಂತ ತೋರ್ಸೋದು ಯಾವುದ್ರಿಂದ? ಔಷಧಿ ಬೀಳದ ಬೇಸಿಗೆನ ಕೇಳಿದ್ರೆ ಯಾವ ಊರು ಕೊಡುತ್ತೆ, ಹೇಳು? ಹೊಸ ಗೆರೆ ನಿನ್ನ ಹೆಸರಲ್ಲೇ ಬರ್ಲಿ.”

ತನ್ನ ಹೆಸರಿನ ಗೆರೆ. ಅಕ್ಕನ ಕಣ್ಣ ಮುಂದೆ ಅದು ಬೆಳ್ಳಿ ಬೆಟ್ಟದಂತೆ ಎದ್ದು ನಿಂತಿತು. ಸಂಜೆ ತಂಗಿಗೊಂದು ಸೊಳ್ಳೆಪರದೆ ಒಯ್ದಳು.

“ಸಂಪಿನ ವಿಷ್ಯ ಮೇಲಿನ ಮನೆಯವ್ರಿಗೂ ಹೇಳ್ಲಾ?”

“ಬೇಡ. ನೀವು ಪರದೆಯೊಳಗೆ ಮಲಗಿ ಸಾಕು.”

ಈ ಜಾತಿಯ ಸೊಳ್ಳೆ ಕಚ್ಚುವುದು ಹಗಲಲ್ಲಿ. ಅದು ಅವಳ ತೋಳಿಗೇ ಗೊತ್ತಿತ್ತು. ಪರದೆ ಕೊಟ್ಟದ್ದು ತನ್ನ ನಿದ್ದೆಗೆ.

ಬೀದಿ ಬೀದಿಯಲ್ಲಿ ಜ್ವರ ಎದ್ದಿತು. ಆಮೇಲೊಂದು ಬೆಳಗ್ಗೆ ತಂಗಿಯ ಮಗಳ ವಸಡಿನಲ್ಲಿ ರಕ್ತ. ಆಸ್ಪತ್ರೆಯ ಬೆಂಚಿನ ಮೇಲೆ ತಂಗಿ ಅಕ್ಕನ ಮೊಣಕೈ ಹಿಡಿದುಕೊಂಡಳು.

“ನಿಂಗೆ ಮೊದ್ಲೇ ಗೊತ್ತಿತ್ತಾ?”

“ಸೆಕೆ ಹೀಗೆ ಮೋಸ ಮಾಡುತ್ತೆ ಅಂತ ಯಾರಿಗೆ ಗೊತ್ತಿರುತ್ತೆ,” ಅಂದಳು ಅಕ್ಕ. ಕೈ ಬಿಡಿಸಿಕೊಂಡು ಕೆಲಸಕ್ಕೆ ಹೋದಳು.

ಹೊಸ ಗೆರೆ ಸಿದ್ಧವಾಗಿತ್ತು. ಬೀದಿಗೊಂದರಂತೆ ಜ್ವರದವರ ಚುಕ್ಕಿಗಳು, ಹೇಳಿ ಕೂರಿಸಿದ ಹಾಗೆ ಅದರ ಮೇಲೆ ಕೂತಿದ್ದವು. ತಂಗಿಯ ಬೀದಿಯದೊಂದು ಮಾತ್ರ ಕೂದಲೆಳೆಯಷ್ಟು ಕೆಳಗೆ. ಎಲ್ಲಿ ತಪ್ಪಿದೆನೆಂದು ಅಕ್ಕ ಉಗುರು ಕಚ್ಚಿದಳು. ಹೊಳೆಯಿತು: ನಿನ್ನೆಯ ಲೆಕ್ಕ ಅದು, ಮಗು ಇನ್ನೂ ಸೇರಿಲ್ಲ.

ಒಂದು ಕೂಡಿಸಿದಳು. ಚುಕ್ಕಿ ಗೆರೆಗೆ ಬಂದು ಕೂತಿತು. ಅವಳ ಎದೆ ಹಗುರಾಯಿತು.