ಬಾಯಿ ಹೊಲಿದ ಜೇಬು

ಹೊಸ ಕೋಟಿನ ಜೇಬಿನ ಬಾಯಿ ಜೋತುಬೀಳದಿರಲಿ ಅಂತ ದರ್ಜಿಗಳು ಕಚ್ಚಾ ಹೊಲಿಗೆ ಹಾಕಿಟ್ಟು, ಕೊಡುವಾಗ ಬಿಚ್ಚುತ್ತಾರೆ. ನಾಟಕ ಕಂಪನಿಯ ಟೈಲರಕ್ಕ ಅದನ್ನು ಬಿಚ್ಚಲು ಮರೆತದ್ದು ನೆನಪಾಗುವ ಹೊತ್ತಿಗೆ ಖಳನಾಯಕ ಆ ಕರಿ ಕೋಟು ತೊಟ್ಟು ರಂಗದ ಮೇಲೆ ನಿಂತಾಗಿತ್ತು.

ಹೋದ ತಿಂಗಳು ನಾಯಕ ಮಂಡಿಯೂರಿ ಪ್ರೇಮ ನಿವೇದಿಸುವಾಗ ಅವನ ಪ್ಯಾಂಟು ಹಿಂದೆ ಪರ್ರೆಂದು ಹರಿದಿತ್ತು. "ಇನ್ನೊಂದು ಸಲ ಹೀಗಾದ್ರೆ ಕತ್ತರಿ ಎತ್ಕೊಂಡು ಮನೆಗೆ ಹೋಗ್ತಿರು" ಅಂದಿದ್ದರು ನಿರ್ದೇಶಕರು.

ಖಳ ಈಗ, ಟೈಲರಕ್ಕ ಜೇಬಿನೊಳಗಿಟ್ಟೇ ಬಾಯಿ ಹೊಲಿದಿದ್ದ ಚಾಕು ತೆಗೆದು ನಾಯಕನ ತಾಯಿಯನ್ನು ಕೊಲ್ಲಬೇಕು. ಅದು ಅವನ ಐದನೇ ಕೊಲೆ. ಮೊದಲಿನ ನಾಲ್ಕನ್ನು ಸಲೀಸಾಗಿ ಬರಿಗೈಯಲ್ಲೇ ಮುಗಿಸಿದ್ದ. ಜೇಬಿಗೆ ಕೈ ಹಾಕಿದ. ಹೋಗಲಿಲ್ಲ. ಬೆರಳಲ್ಲಿ ತಡಕಿದ, ಎಳೆದ, ಕೈ ನಡುಗಿತು. ಮನೆಯಲ್ಲಿ ಹಲ್ಲಿ ಕಂಡರೆ ಹೆಂಡತಿಯನ್ನು ಕೂಗುವ ಪ್ರಾಣಿ ಅದು. ಕಣ್ಣಲ್ಲಿ ನೀರೇ ಬಂತು. ಕೊನೆಗೆ ಬೇರೇನೂ ತೋಚದೆ "ಹೋಗು" ಅಂದುಬಿಟ್ಟ.

ಸಾಯಲೆಂದು ಆಗಲೇ ಕಣ್ಣು ಮುಚ್ಚಿದ್ದ ತಾಯಿ ಒಂದು ಕಣ್ಣು ತೆರೆದು ನೋಡಿ, ಸೆರಗು ಸರಿಮಾಡಿಕೊಂಡು ಹೊರಟೇ ಹೋದಳು. ಸಭಾಂಗಣ ಚಪ್ಪಾಳೆಯಲ್ಲಿ ಅದುರಿತು.

ಪಾಪ, ನಾಯಕ ಬಾಯಿಪಾಠದವನು. ಮುಂದಿನ ದೃಶ್ಯದಲ್ಲಿ ಬಂದು "ನನ್ನ ತಾಯಿಯನ್ನು ಕೊಂದ ಪಾಪಿ" ಎಂದು ಗುಡುಗಿದ.

"ಅಮ್ಮ ಚೆನ್ನಾಗೇ ಇದಾರೆ, ಬಿಡಪ್ಪ ಅವರನ್ನ" ಅಂದರು ಯಾರೋ ಹಿಂದಿನ ಸಾಲಿನಿಂದ.

ಪರದೆ ಬಿದ್ದದ್ದೇ ತಡ, ಟೈಲರಕ್ಕನ ಮಗಳು ಮೂಗು ಒರೆಸಿಕೊಳ್ಳುತ್ತಾ ಒಳಗೆ ಬಂದಳು.

"ಅಮ್ಮ, ಅವರ ಕೈ ನಡುಗಿದ್ದು ನೋಡಿದ್ಯಾ? ಒಳಗೊಳಗೆ ಎಷ್ಟು ನೊಂದಿದಾರೋ."

"ನೊಂದಿದ್ದಲ್ಲ ಕಣೇ, ದಾರ ಎಳೀತಿದ್ದಿದ್ದು."

"ನಿಂಗೆ ಮನಸ್ಸು ಅರ್ಥ ಆಗಲ್ಲ ಬಿಡು."

"ನಾಲ್ಕು ಜನರನ್ನ ಕೊಂದಿದಾನಲ್ಲೇ."

"ಸತ್ತವರೇನು ಕಮ್ಮಿ ಇದ್ರಾ?"

ಅಷ್ಟರಲ್ಲಿ ನಿರ್ದೇಶಕರು ಕರಿ ಕೋಟು ಹಿಡಿದು ಬಂದರು. "ಈ ಜೇಬು ಹೊಲಿದಿದ್ದು ಯಾರು?"

"ನಾನೇ ಸಾರ್. ಮರೆತುಬಿಟ್ಟೆ." ಟೈಲರಕ್ಕ ಕತ್ತರಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು.

"ಚೀಲ ಯಾಕೆ? ಕಚ್ಚಾ ಹೊಲಿಗೆ ನಾಳೆ ಕಿತ್ತು ಬಂದ್ರೆ ಏನು ಗತಿ? ಮಿಷಿನ್ನಲ್ಲಿ ಎರಡು ಸಲ ಓಡಿಸು."

ಮೂರು ದಿನ ಕೂತು ಹೊಲಿದ ಕಾಲರಿನ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ಅವಳು ಮುಖ ಗಂಟಿಕ್ಕಿಕೊಂಡು ಮಿಷಿನ್ ತುಳಿದಳು. ತುಳಿಯುತ್ತಿದ್ದಾಗಲೇ ಬಾಗಿಲಲ್ಲಿ ನಾಯಕ ಕಾಣಿಸಿಕೊಂಡ. ಕೈಯಲ್ಲಿ ಅವನ ಬಿಳಿ ಕೋಟು.

"ಅಕ್ಕಾ, ಯಾರಿಗೂ ಹೇಳ್ಬೇಡಿ. ನನ್ನ ಜೇಬೂ ಹೊಲಿದುಕೊಡಿ."

"ನಿಮ್ಮ ಜೇಬಲ್ಲಿ ಏನಿರುತ್ತೆ?"

"ಪ್ರೇಮಪತ್ರ."

"ಅದು ಹೊರಗೆ ಬರ್ಲಿಲ್ಲ ಅಂದ್ರೆ ಜನ ನಿಮ್ಮನ್ನ ದಡ್ಡ ಅಂತಾರೆ."

"ಈಗ ಆ ಖಳನಿಗೆ ಮಾತ್ರ ಮನಸ್ಸಿದೆ ಅಂತಿದಾರಲ್ಲ."

"ಅವನು ಮೊದಲು ನಾಲ್ಕು ಜನರನ್ನ ಕೊಂದು ಬಂದಿದಾನಲ್ಲಪ್ಪ."

ನಾಯಕ ಕೋಟು ಮಡಚಿಕೊಂಡ. "ಒಬ್ಬನನ್ನಾದ್ರೂ ಕೊಲ್ಲೋಕೆ ಬಿಡ್ತಾರಾ, ಕೇಳಿ ನೋಡ್ಲಾ?"

"ಕೇಳಿ. ಆದ್ರೆ ಬಗ್ಗಿ ಮಾತ್ರ ಕೊಲ್ಬೇಡಿ" ಅಂದಳು ಟೈಲರಕ್ಕ. "ಆ ಪ್ಯಾಂಟಿನ ಬಟ್ಟೆಗೆ ಇನ್ನೊಂದು ಹೊಲಿಗೆ ತಡೆಯೋ ಶಕ್ತಿ ಇಲ್ಲ."